ಅಡುಗೆಮನೆ ಇರುವ ಕಾಟೇಜ್ ತಗೊಂಡರೆ ಊಟಿಯಲ್ಲಿ ದುಡ್ಡು ಉಳಿಯುತ್ತಾ?

ಪ್ರಶ್ನೆ: ನಾವು ಮಂಡ್ಯದವರು. ದಸರಾ ರಜೆಯಲ್ಲಿ ಮೂರು ರಾತ್ರಿ ಊಟಿಗೆ ಹೋಗೋಣ ಅಂತಿದ್ದೇವೆ. ನಾನು, ಯಜಮಾನರು, ಅತ್ತೆ, ಮಾವ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು. ಏಳು ಸೀಟಿನ ಕಾರಿದೆ. ಅತ್ತೆಗೆ ಸಕ್ಕರೆ ಕಾಯಿಲೆ, ಹೊರಗಿನ ಊಟ ಒಗ್ಗುವುದಿಲ್ಲ. ಒಂದು ರೆಸಾರ್ಟ್‌ನವರು ಎರಡು ಬೆಡ್‌ರೂಮು, ಅಡುಗೆಮನೆ ಇರುವ ಕಾಟೇಜಿಗೆ ದಿನಕ್ಕೆ 5,500 ರೂಪಾಯಿ ಹೇಳಿದ್ದಾರೆ. ಪೇಟೆ ಹತ್ತಿರದ ಲಾಡ್ಜಿನಲ್ಲಿ ಎರಡು ರೂಮಿಗೆ ಸೇರಿ 4,400. ಎರಡಕ್ಕೂ ತೆರಿಗೆ ಬೇರೆ. ನಮ್ಮ ಕೈಲಿರುವುದು ಒಟ್ಟು 30,000. ನಾವೇ ಅಡುಗೆ ಮಾಡಿಕೊಂಡರೆ ದುಡ್ಡು ಉಳಿಯುತ್ತಾ? ಇನ್ನೊಂದು ಮಾತು. ರಜೆಗೆ ಅಂತ ಹೋಗಿ ಅಲ್ಲೂ ನಾನೇ ಒಲೆ ಮುಂದೆ ನಿಲ್ಲಬೇಕಾ ಅನ್ನೋ ಯೋಚನೆಯೂ ಇದೆ.

ಉತ್ತರ: ನಿಮ್ಮ ಕೊನೆಯ ಮಾತೇ ಇಲ್ಲಿ ಮುಖ್ಯವಾದದ್ದು. ಅದಕ್ಕೆ ಬರುತ್ತೇನೆ. ಮೊದಲು ದುಡ್ಡಿನ ವಿಷಯ ಮುಗಿಸೋಣ.

ಇಬ್ಬರೂ ಹೇಳಿರುವ ರೂಮಿನ ಬಾಡಿಗೆ 7,500 ರೂಪಾಯಿ ಒಳಗಿದೆ. 2025ರ ಸೆಪ್ಟೆಂಬರ್ 22ರಿಂದ ಅಂಥ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್. ಅದಕ್ಕೆ ಮೊದಲು 12 ಇತ್ತು. ಯಾರಾದರೂ ಈಗಲೂ 12 ಹಾಕಿದರೆ ಸುಮ್ನೆ ಕೊಡಬೇಡಿ, ಕೇಳಿ. ತೆರಿಗೆ ಸೇರಿ ಕಾಟೇಜು ದಿನಕ್ಕೆ 5,775, ಲಾಡ್ಜು 4,620. ಅಂದರೆ ಅಡುಗೆಮನೆಗಾಗಿ ನೀವು ದಿನಕ್ಕೆ 1,155 ರೂಪಾಯಿ ಜಾಸ್ತಿ ಕೊಡುತ್ತೀರಿ.

ಈಗ ಉಳಿಯುವುದೆಷ್ಟು? ಮಧ್ಯಾಹ್ನ ಹೇಗೂ ಊರು ಸುತ್ತುತ್ತಾ ಇರುತ್ತೀರಿ, ಊಟ ಹೊರಗೇ. ಉಳಿತಾಯ ಆಗುವುದು ಬೆಳಗಿನ ತಿಂಡಿ ಮತ್ತು ರಾತ್ರಿ ಊಟದಲ್ಲಿ ಮಾತ್ರ. ಸಾಧಾರಣ ಹೋಟೆಲಿನಲ್ಲಿ ಆರು ಜನರ ತಿಂಡಿ-ಕಾಫಿಗೆ ತಲಾ 100ರಂತೆ 600, ರಾತ್ರಿಗೆ ತಲಾ 150ರಂತೆ 900 ಅಂತ ನನ್ನ ಅಂದಾಜು. ಒಟ್ಟು 1,500. ಅದೇ ಎರಡು ಹೊತ್ತಿಗೆ ನೀವೇ ಮಾಡಿಕೊಂಡರೆ ಹಾಲು, ತರಕಾರಿ, ಮನೆಯಿಂದ ತಂದ ಅಕ್ಕಿ-ಬೇಳೆ ಎಲ್ಲ ಸೇರಿ 450 ಆದೀತು. ಉಳಿದದ್ದು 1,050. ಜಾಸ್ತಿ ಕೊಟ್ಟದ್ದು 1,155.

ಅಂದರೆ ನಿಮ್ಮ ವಿಷಯದಲ್ಲಿ ದುಡ್ಡು ಉಳಿಯುವುದಿಲ್ಲ. ಹೆಚ್ಚೂ ಕಡಿಮೆ ಸರಿಸಮ. ಅದರ ಮೇಲೆ ಅವರು ಗ್ಯಾಸಿಗೆ, ಪಾತ್ರೆಗೆ ಅಂತ ದಿನಕ್ಕೆ ಇನ್ನೂರು ಮುನ್ನೂರು ಹಾಕಿದರೆ ನಷ್ಟವೇ. ಇದನ್ನು ನೇರವಾಗಿ ಹೇಳುತ್ತಿದ್ದೇನೆ. "ಅಡುಗೆ ಮಾಡ್ಕೊಂಡ್ರೆ ಅರ್ಧಕ್ಕರ್ಧ ಉಳಿಯುತ್ತೆ" ಅನ್ನುವ ಮಾತನ್ನು ನಂಬಿ ಮನೆ ಹೆಂಗಸರು ಮೂರು ದಿನ ಒಲೆ ಮುಂದೆ ನಿಂತು ಬಂದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾದರೂ ನಿಮಗೆ ನಾನು ಕಾಟೇಜನ್ನೇ ಹೇಳುತ್ತೇನೆ. ಅದು ನಿಮ್ಮ ಅತ್ತೆಯವರಿಗಾಗಿ. ಸಕ್ಕರೆ ಕಾಯಿಲೆ ಇರುವವರಿಗೆ ಏನು ತಿನ್ನುತ್ತೇವೆ ಅನ್ನುವಷ್ಟೇ ಯಾವಾಗ ತಿನ್ನುತ್ತೇವೆ ಅನ್ನುವುದೂ ಮುಖ್ಯ. ಮಾತ್ರೆ ತಗೊಂಡು ಹೋಟೆಲಿನಲ್ಲಿ ಟೇಬಲ್ ಸಿಗಲಿ ಅಂತ ಮುಕ್ಕಾಲು ಗಂಟೆ ಕಾಯುವುದು ಒಳ್ಳೆಯದಲ್ಲ. ರಜೆ ದಿನಗಳಲ್ಲಿ ಊಟಿ ಪೇಟೆಯ ಚಾರಿಂಗ್ ಕ್ರಾಸ್ ವೃತ್ತದ ಸುತ್ತಮುತ್ತ ಹಾಗೆ ಕಾಯುವುದು ಮಾಮೂಲು. ರೂಮಿನಲ್ಲೇ ಒಂದು ಒಲೆ ಇದ್ದರೆ ರಾತ್ರಿ ಎಂಟಕ್ಕೆ ಸರಿಯಾಗಿ ಅವರ ತಟ್ಟೆಗೆ ಬಿಸಿ ಸಾರು, ಮುದ್ದೆ ಬರುತ್ತದೆ. ಮಕ್ಕಳು ನಿದ್ದೆಗಣ್ಣಿನಲ್ಲಿ ಚಳಿಯಲ್ಲಿ ಮತ್ತೆ ಕಾರು ಹತ್ತುವುದು ತಪ್ಪುತ್ತದೆ. ಇಷ್ಟಕ್ಕೆ ದಿನಕ್ಕೆ ನೂರೋ ಇನ್ನೂರೋ ಜಾಸ್ತಿ ಕೊಡಬಹುದು.

ಆದರೆ ದುಡ್ಡು ಕೊಡುವ ಮೊದಲು "ಅಡುಗೆಮನೆ" ಅಂದರೆ ಏನು ಅಂತ ಬಿಡಿಸಿ ಕೇಳಿ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವ ಕೆಲಸ ಶುರು ಮಾಡಿದ ಹೊಸತು. ಅಮ್ಮನನ್ನು ಕರೆದುಕೊಂಡು ಒಂದು ಬೆಟ್ಟದೂರಿನ ಕಾಟೇಜಿಗೆ ಹೋಗಿದ್ದೆ. ಅಡುಗೆಮನೆ ಅಂತ ಅವರು ತೋರಿಸಿದ್ದು ಬಚ್ಚಲ ಬಾಗಿಲ ಪಕ್ಕದ ಒಂದು ಕಟ್ಟೆ, ಮೇಲೊಂದು ಇಂಡಕ್ಷನ್ ಒಲೆ. ನಾವು ಒಯ್ದದ್ದು ಅಲ್ಯೂಮಿನಿಯಂ ಕುಕ್ಕರ್. ಇಂಡಕ್ಷನ್ ಒಲೆ ಬಿಸಿ ಮಾಡುವುದು ಆಯಸ್ಕಾಂತ ಹಿಡಿಯುವ ತಳವನ್ನು ಮಾತ್ರ. ಕುಕ್ಕರ್ ತಣ್ಣಗೇ ಕೂತಿತ್ತು. ಹೊರಗೆ ಜೋರು ಮಳೆ, ಊಟದ ಹೊತ್ತು ಮೀರಿತ್ತು. ಅಮ್ಮ ಅವತ್ತು ಬ್ರೆಡ್ಡು ಹಾಲು ತಿಂದು ಮಲಗಿದರು. ಆ ರಾತ್ರಿ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಫೋನಿನಲ್ಲಿ ಇವಿಷ್ಟು ಕೇಳಿ. ಗ್ಯಾಸ್ ಒಲೆಯಾ, ಇಂಡಕ್ಷನ್ನಾ? ಎಷ್ಟು ಬರ್ನರ್? ಗ್ಯಾಸಿನ ದುಡ್ಡು ಬಾಡಿಗೆಯಲ್ಲೇ ಸೇರಿದೆಯಾ? ಕರೆಂಟ್ ಹೋದರೆ ಜನರೇಟರ್‌ನಲ್ಲಿ ಇಂಡಕ್ಷನ್, ಗೀಸರ್ ನಡೆಯುತ್ತದಾ? ಎಷ್ಟೋ ಕಡೆ ಜನರೇಟರಿಗೆ ಬರೀ ದೀಪ ಮಾತ್ರ. ಪಾತ್ರೆ ತೊಳೆಯುವ ಸಿಂಕಿಗೆ ಬಿಸಿನೀರು ಬರುತ್ತದಾ? ಇದು ಸಣ್ಣದು ಅನಿಸಬಹುದು. ಅಕ್ಟೋಬರ್‌ನಲ್ಲೂ ಊಟಿಯ ರಾತ್ರಿ 10-12 ಡಿಗ್ರಿಗೆ ಇಳಿಯುತ್ತದೆ. ಆ ತಣ್ಣೀರಿನಲ್ಲಿ ಜಿಡ್ಡು ಪಾತ್ರೆ ಉಜ್ಜಿ ನೋಡಿದವರಿಗೆ ಗೊತ್ತು ಅದರ ಕಷ್ಟ. ಪಾತ್ರೆ ತೊಳೆಯಲು ಯಾರಾದರೂ ಬರುತ್ತಾರಾ ಅಂತಲೂ ಕೇಳಿ. ದಿನಕ್ಕೆ ಇಷ್ಟು ಅಂತ ತಗೊಂಡು ಮಾಡಿಕೊಡುವವರು ಇದ್ದರೆ ಆ ದುಡ್ಡು ಧಾರಾಳವಾಗಿ ಕೊಡಿ. ಫ್ರಿಡ್ಜ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ, ಅದರಲ್ಲೂ ಅತ್ತೆಯವರು ಇನ್ಸುಲಿನ್ ತಗೊಳ್ಳುವವರಾದರೆ. ಕೊನೆಯದಾಗಿ, ಅಡುಗೆಮನೆಯ ಒಂದು ಚಿಕ್ಕ ವಿಡಿಯೋ ವಾಟ್ಸಾಪಿಗೆ ಕಳಿಸಿ ಅನ್ನಿ. ಕಳಿಸಲು ಹಿಂದೆಮುಂದೆ ನೋಡುವ ಜಾಗಕ್ಕೆ ಅಡ್ವಾನ್ಸ್ ಹಾಕಬೇಡಿ. ಹಾಕುವಾಗಲೂ ಪೂರ್ತಿ ದುಡ್ಡು ಬೇಡ, ಒಂದು ರಾತ್ರಿಯದು ಸಾಕು.

ಪೇಟೆಯಿಂದ ಎಷ್ಟು ದೂರ ಅನ್ನುವುದೂ ದುಡ್ಡಿನ ಮಾತೇ. ಕಣಿವೆ ಕಾಣುತ್ತದೆ ಅಂತ ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಹೋದರೆ ಒಂದು ಕಟ್ಟು ಕೊತ್ತಂಬರಿಗೂ ಘಾಟಿಯಲ್ಲಿ ಕಾರು ತೆಗೆಯಬೇಕು. ನೀವು ಹಿರಿಯರನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಮಾರುಕಟ್ಟೆ, ಆಸ್ಪತ್ರೆ ಆಟೋದಲ್ಲಿ ಹೋಗುವಷ್ಟು ಹತ್ತಿರ ಇರಲಿ. ಆ ಕಾಟೇಜು ದೂರ ಅಂತ ಗೊತ್ತಾದರೆ ಬಿಟ್ಟುಬಿಡಿ. ಅಡುಗೆಮನೆ ಬೇಡವೇ ಬೇಡ, ಬರೀ ರೂಮು ಸಾಕು ಅಂತ ಮನಸ್ಸು ಬದಲಾದರೆ, ಫರ್ನ್‌ಹಿಲ್‌ನಲ್ಲಿ ನಮ್ಮ ರಾಜ್ಯದ ಪ್ರವಾಸೋದ್ಯಮ ನಿಗಮದ್ದೇ ಮಯೂರ ಸುದರ್ಶನ ಇದೆ, ಅಲ್ಲಿನ ದರವನ್ನೂ ಒಮ್ಮೆ ನೋಡಿ.

ಇನ್ನು ಅಡುಗೆಯ ವಿಷಯ. ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಮಂಡ್ಯದಲ್ಲಿ 98 ಡಿಗ್ರಿ ಹತ್ತಿರ ಕುದಿಯುವ ನೀರು ಊಟಿಯಲ್ಲಿ 92-93ಕ್ಕೇ ಕೊತಕೊತ ಅನ್ನುತ್ತದೆ. ನೋಡಲು ಅದೇ ಕುದಿ, ಆದರೆ ಬಿಸಿ ಕಮ್ಮಿ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಗ್ಯಾಸ್ ಸುಡುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಹೋಗಲೇಬೇಡಿ.

ಕುಕ್ಕರಿನಲ್ಲೂ ವ್ಯತ್ಯಾಸ ಇದೆ. ವಿಷಲ್‌ನ ತೂಕ ಕೊಡುವ ಒತ್ತಡ ಎಲ್ಲ ಕಡೆಯೂ ಒಂದೇ. ಆದರೆ ಅದು ಸೇರುವುದು ಹೊರಗಿನ ಗಾಳಿಯ ಒತ್ತಡದ ಮೇಲೆ. ಸಮುದ್ರ ಮಟ್ಟದಲ್ಲಿ ಕುಕ್ಕರಿನ ಒಳಗೆ 120 ಡಿಗ್ರಿ ಇದ್ದರೆ ಊಟಿಯಲ್ಲಿ 116ರ ಆಸುಪಾಸು. ಮನೆಯಲ್ಲಿ ಮೂರು ಕೂಗಿಗೆ ಬೆಂದ ಬೇಳೆಗೆ ಅಲ್ಲಿ ನಾಲ್ಕೈದು ಬೇಕಾಗಬಹುದು. ಬೇಳೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಟ್ಟರೆ ಗ್ಯಾಸೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಅಕ್ಕಿಗೂ ಹಾಗೇ ಮಾಡಿ. ಕಡಲೆಕಾಳು, ಅಲಸಂದೆ, ಅವರೆಕಾಳಿನ ಸಾರು ಈ ಮೂರು ದಿನ ಬೇಡ. ಹೆಸರುಬೇಳೆ ಒಳ್ಳೆಯದು, ಬೇಗ ಬೇಯುತ್ತದೆ, ಅತ್ತೆಯವರ ಹೊಟ್ಟೆಗೂ ಹಗುರ.

ರಾಗಿ ಮುದ್ದೆಗೆ ಅಂಥ ತೊಂದರೆ ಇಲ್ಲ. ಹಿಟ್ಟು ಹಾಕಿದ ಮೇಲೆ ಮುಚ್ಚಿಟ್ಟು ಒಂದು ಮೂರು ನಾಲ್ಕು ನಿಮಿಷ ಜಾಸ್ತಿ ಬೇಯಿಸಿ, ಸಣ್ಣ ಉರಿಯಲ್ಲಿ. ಮುದ್ದೆ ಕಟ್ಟಿದ ಕೂಡಲೇ ಬಡಿಸಿ, ಆ ಚಳಿಗೆ ಐದು ನಿಮಿಷದಲ್ಲಿ ಆರಿ ಹೋಗುತ್ತದೆ. ತಟ್ಟೆಗೆ ಮೊದಲು ಒಂದಿಷ್ಟು ಬಿಸಿನೀರು ಹಾಕಿ ಚೆಲ್ಲಿ ಬಡಿಸಿದರೆ ಇನ್ನೂ ಒಳ್ಳೆಯದು.

ಇಡ್ಲಿ-ದೋಸೆ ಹಿಟ್ಟಿನ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ರುಬ್ಬಿ ತಂದು ರಾತ್ರಿ ಇಟ್ಟರೆ ಬೆಳಗ್ಗೆ ಹಾಗೇ ಇರುತ್ತದೆ, ಒಂಚೂರೂ ಉಬ್ಬಿರುವುದಿಲ್ಲ. ಹುಳಿ ಬರಲು 25-30 ಡಿಗ್ರಿ ಬೇಕು. ಮೊಸರಿಗೂ ಅದೇ ಕತೆ. ಬೇಕೇ ಬೇಕು ಅಂದರೆ ಮನೆಯಲ್ಲೇ ಹುಳಿ ಬರಿಸಿದ ಹಿಟ್ಟನ್ನು ಮೊದಲ ಬೆಳಗ್ಗೆಗೆ ಆಗುವಷ್ಟು ಒಯ್ಯಿರಿ. ಉಳಿದ ಎರಡು ದಿನ ಗೋಧಿ ನುಚ್ಚಿನ ಉಪ್ಪಿಟ್ಟು, ರಾಗಿ ರೊಟ್ಟಿ. ಎರಡೂ ಅತ್ತೆಯವರಿಗೆ ಒಗ್ಗುತ್ತದೆ, ಹೆಚ್ಚು ಪಾತ್ರೆಯೂ ಆಗುವುದಿಲ್ಲ.

ಮನೆಯಿಂದ ಒಯ್ಯಬೇಕಾದದ್ದು ಇಷ್ಟೇ. ಐದು ಲೀಟರಿನ ಸ್ಟೀಲ್ ಕುಕ್ಕರ್, ತಳ ಇಂಡಕ್ಷನ್ನಿಗೂ ಆಗುವಂಥದ್ದು. ಒಂದು ಜೊತೆ ಗ್ಯಾಸ್ಕೆಟ್. ಕಬ್ಬಿಣದ ತವಾ, ಮುದ್ದೆ ಕೋಲು, ಒಳ್ಳೆಯ ಚಾಕು, ಲೈಟರ್, ಇಕ್ಕಳ. ಅಕ್ಕಿ, ಬೇಳೆ, ರಾಗಿ ಹಿಟ್ಟು, ಸಾರಿನ ಪುಡಿ, ಚಟ್ನಿ ಪುಡಿ, ಹುಣಸೆಹಣ್ಣು, ಎಣ್ಣೆ. ಎಲ್ಲವನ್ನೂ ಸ್ಟೀಲ್ ಡಬ್ಬಿಗಳಲ್ಲಿ ತುಂಬಿಕೊಳ್ಳಿ. ಹೀಗೆ ಹೇಳಲು ಕಾರಣ ಇದೆ. ನೀಲಗಿರಿ ಜಿಲ್ಲೆಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಇದೆ. ಸಣ್ಣ ನೀರಿನ ಬಾಟಲಿಯೂ ನಡೆಯುವುದಿಲ್ಲ. ಗಡಿಯ ಕೆಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ನೋಡುತ್ತಾರೆ. ಸ್ಟೀಲ್ ಬಾಟಲಿ, ಬಟ್ಟೆ ಚೀಲ ಇಟ್ಟುಕೊಳ್ಳಿ. ಊರಿನಲ್ಲಿ ಅಲ್ಲಲ್ಲಿ ನೀರಿನ ಎಟಿಎಂ ಇವೆ, ತುಂಬಿಸಿಕೊಳ್ಳಬಹುದು.

ತರಕಾರಿ ಮಾತ್ರ ಒಯ್ಯಬೇಡಿ. ಕ್ಯಾರೆಟ್, ಬೀಟ್‌ರೂಟ್, ಕೋಸು, ಬೀನ್ಸ್, ಆಲೂಗಡ್ಡೆ ಬೆಳೆಯುವ ಊರಿಗೇ ಹೋಗುತ್ತಿದ್ದೀರಿ. ಊಟಿಯಲ್ಲಿ ಉಳವರ್ ಸಂದೈ ಅಂತ ರೈತರ ಸಂತೆ ಇದೆ, ರೈತರೇ ತಂದು ಮಾರುತ್ತಾರೆ. ಬೆಳಗ್ಗೆ ಬೇಗ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮಣ್ಣು ಮೆತ್ತಿದ, ಸೊಪ್ಪು ಇನ್ನೂ ಹಸಿರಾಗಿರುವ ಕ್ಯಾರೆಟ್ ಕೈಯಲ್ಲಿ ಹಿಡಿಯುವುದೇ ಅವರಿಗೆ ಒಂದು ಸಂಭ್ರಮ. ಭಾಷೆಯ ಚಿಂತೆ ಬೇಡ. ಅಲ್ಲಿನ ಬಡಗ ಸಮುದಾಯದವರ ಮಾತು ನಮ್ಮ ಕನ್ನಡಕ್ಕೆ ತೀರಾ ಹತ್ತಿರ. ದೊಡ್ಡಬೆಟ್ಟ ಅನ್ನುವ ಹೆಸರೇ ಸಾಕಲ್ವಾ. ಹಾಲಿಗೆ ಆವಿನ್ ಪ್ಯಾಕೆಟ್ ಸಿಗುತ್ತದೆ. ನೀಲಿ ಬಣ್ಣದ್ದು ತೆಳು, ಕಿತ್ತಳೆ ಕೆನೆಹಾಲು.

ಈಗ ನಿಮ್ಮ ಆ ಪ್ರಶ್ನೆ. ಅಲ್ಲೂ ನೀವೇ ಒಲೆ ಮುಂದೆ ನಿಲ್ಲಬೇಕಾ? ಬೇಡ. ಇದನ್ನು ಹೊರಡುವ ಮೊದಲೇ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಹೇಳಿದರೆ ನಡೆಯುವುದಿಲ್ಲ, ಸುಸ್ತಾದಾಗ ಎಲ್ಲರೂ ಹಳೇ ಅಭ್ಯಾಸಕ್ಕೇ ಬೀಳುತ್ತಾರೆ. ಬೆಳಗಿನ ತಿಂಡಿ ಯಜಮಾನರದ್ದು. ಉಪ್ಪಿಟ್ಟಿಗೆ ಬೇಕಾದ ರವೆ-ನುಚ್ಚನ್ನು ಮನೆಯಲ್ಲೇ ಹುರಿದು, ಒಗ್ಗರಣೆ ಸಾಮಾನು ಜೊತೆಗೇ ಕಟ್ಟಿಕೊಟ್ಟರೆ ಇಪ್ಪತ್ತು ನಿಮಿಷದ ಕೆಲಸ. ತರಕಾರಿ ಹೆಚ್ಚುವುದು, ಸಿಪ್ಪೆ ಬಿಡಿಸುವುದು ಮಾವನವರು ಮತ್ತು ದೊಡ್ಡ ಮಗುವಿಗೆ. ರಾತ್ರಿ ಒಂದೇ ಕುಕ್ಕರಿನ ಅಡುಗೆ, ಬೇಳೆ-ತರಕಾರಿ ಹಾಕಿದ ಸಾರು, ಅದಕ್ಕೆ ಮುದ್ದೆಯೋ ಅನ್ನವೋ. ಪಲ್ಯ, ಹಪ್ಪಳ, ಕೋಸಂಬರಿ ಅಂತ ಹೋಗಬೇಡಿ. ಮೂರರಲ್ಲಿ ಒಂದು ರಾತ್ರಿ ಅತ್ತೆಯವರಿಗೆ ಮಾತ್ರ ಮನೆ ಅಡುಗೆ, ಉಳಿದವರು ಹೋಟೆಲಿನಿಂದ ತರಿಸಿಕೊಂಡು ಒಟ್ಟಿಗೇ ಕೂತು ತಿನ್ನಿ. ಅದಕ್ಕೆ ಆರೇಳುನೂರು ಖರ್ಚಾದರೂ ಆಗಲಿ. ನೀವೂ ರಜೆಗೆ ಹೋಗುತ್ತಿರುವವರೇ.

ಹಾಗಾದರೆ ದುಡ್ಡು ಉಳಿಸುವುದೆಲ್ಲಿ? ದಿನದ ಆಯ್ಕೆಯಲ್ಲಿ. ಶುಕ್ರವಾರ-ಶನಿವಾರ ಬಿಟ್ಟು ಭಾನುವಾರ ಹೋಗಿ ಬುಧವಾರ ಬನ್ನಿ. ಆಯುಧಪೂಜೆ, ವಿಜಯದಶಮಿಯ ಆಸುಪಾಸು ಬೇಡವೇ ಬೇಡ. ವಾರದ ನಡುವೆ, ಮೂರು ರಾತ್ರಿ ಅಂತ ಹೇಳಿ ರೆಸಾರ್ಟಿಗೆ ನೇರವಾಗಿ ಫೋನ್ ಮಾಡಿ ಕೇಳಿದರೆ 5,500 ಇದ್ದದ್ದು 4,500ಕ್ಕೆ ಇಳಿಯುವ ಸಾಧ್ಯತೆ ಚೆನ್ನಾಗಿದೆ. ಅಷ್ಟು ಇಳಿದರೆ ಲಾಡ್ಜಿಗೂ ಇದಕ್ಕೂ ದಿನಕ್ಕೆ ನೂರು ರೂಪಾಯಿ ಅಂತರ. ಆಗ ಅಡುಗೆಯಲ್ಲಿ ಉಳಿದ ಸಾವಿರ ನಿಜಕ್ಕೂ ನಿಮ್ಮದು.

ಇಳಿಯದೇ ಹೋದರೂ ನಿಮ್ಮ ಬಜೆಟ್ ಸಾಕು. ಮೂರು ರಾತ್ರಿಗೆ 17,325. ಮನೆ ಅಡುಗೆಯ ಸಾಮಾನು 1,350. ಹೋಗಿ ಬರುವ ದಿನವೂ ಸೇರಿ ನಾಲ್ಕು ಮಧ್ಯಾಹ್ನದ ಊಟ, ಹೊತ್ತಿಗೆ 900ರಂತೆ 3,600. ಮಂಡ್ಯದಿಂದ ಗುಡಲೂರು ಮೇಲೆ ಸುಮಾರು 200 ಕಿಲೋಮೀಟರ್, ಎರಡೂ ಕಡೆ ಮತ್ತು ಸುತ್ತಾಟ ಸೇರಿ 480 ಅಂದರೆ ಪೆಟ್ರೋಲಿಗೆ 3,700ರ ಹತ್ತಿರ. ಒಟ್ಟು 26,000. ಉಳಿದ ನಾಲ್ಕು ಸಾವಿರ ಆ ಒಂದು ಹೋಟೆಲ್ ಊಟಕ್ಕೆ, ಟಿಕೆಟ್ಟುಗಳಿಗೆ, ಮಕ್ಕಳ ಆಸೆಗಳಿಗೆ. ಊಟಿಯಿಂದ ಕೂನೂರಿಗೆ ಪುಟ್ಟ ರೈಲು ಹತ್ತಿಸಿ, 19 ಕಿಲೋಮೀಟರ್. ಮೇಟುಪಾಳ್ಯದಿಂದ ಬರುವ, ಹಲ್ಲಿರುವ ಕಂಬಿ ಹಿಡಿದು ರೈಲು ಹತ್ತುವ ಘಾಟಿ ದಾರಿ ಅಕ್ಟೋಬರ್-ನವೆಂಬರ್‌ನ ಹಿಂಗಾರು ಮಳೆಗೆ ಗುಡ್ಡ ಕುಸಿದು ಆಗಾಗ ನಿಲ್ಲುತ್ತದೆ, ಅದನ್ನು ನಂಬಿ ಪ್ಲಾನ್ ಮಾಡಬೇಡಿ. ಆ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರುವುದು ಜಾಸ್ತಿ, ಸುತ್ತಾಟವನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ.

ದಾರಿಯ ಬಗ್ಗೆ ಎರಡು ಮಾತು. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಹೊರಗಿನ ಗಾಡಿಗಳಿಗೆ ನೀಲಗಿರಿಗೆ ಇ-ಪಾಸ್ ಬೇಕು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ದುಡ್ಡು ಕೊಟ್ಟು ಯಾರ ಕೈಲೂ ಮಾಡಿಸಬೇಡಿ. 2025ರ ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಹಾಕಿದ್ದರು, ವಾರದ ದಿನ 6,000, ವಾರಾಂತ್ಯ 8,000. ಹಾಗಾಗಿ ದಿನ ಗೊತ್ತಾದ ಕೂಡಲೇ ಪಾಸ್ ಮಾಡಿಸಿಕೊಳ್ಳಿ. ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟಿ ಹತ್ತಿರ ಆದರೂ 36 ಹೇರ್‌ಪಿನ್ ತಿರುವು, ತೀರಾ ಕಡಿದು. ಹಿರಿಯರು, ಮಕ್ಕಳು ಇರುವಾಗ ಗುಡಲೂರು ದಾರಿಯೇ ಸರಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತನ್ನು ದಯವಿಟ್ಟು ನಡೆಸಿಕೊಡಿ. ಕ್ಯಾಂಪ್‌ಫೈರ್ ಅಥವಾ ಬಾರ್ಬೆಕ್ಯೂ ಮುಗಿದ ಮೇಲೆ, ರೂಮು ಬೆಚ್ಚಗಾಗಲಿ ಅಂತ ಕೆಂಡವನ್ನು ಒಳಗೆ ತರಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದಿಲ್ಲ. ಬೆಟ್ಟದೂರುಗಳಲ್ಲಿ ಹೀಗೆ ಜೀವ ಹೋದ ಸುದ್ದಿ ಬರುತ್ತಲೇ ಇರುತ್ತದೆ. ಗ್ಯಾಸ್ ಒಲೆ ಉರಿಸಿ ಕೋಣೆ ಬಿಸಿ ಮಾಡುವುದೂ ಬೇಡ. ಅಡುಗೆ ಮಾಡುವಾಗ ಎಷ್ಟೇ ಚಳಿ ಇದ್ದರೂ ಕಿಟಕಿ ಒಂದು ಗೇಣು ತೆರೆದಿರಲಿ. ಮಲಗುವಾಗ ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ. ಅತ್ತೆ-ಮಾವನವರಿಗೆ ಒಂದು ಹೆಚ್ಚು ರಗ್ಗು, ಬಿಸಿನೀರಿನ ಬ್ಯಾಗು ಒಯ್ಯಿರಿ, ಅಷ್ಟು ಸಾಕು.

ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಅಡುಗೆಮನೆ ಕಿಟಕಿ ಹಾಕಿದೆಯಾ ಅಂತ ಎರಡೆರಡು ಸಲ ನೋಡಿ. ಕೋತಿಗಳು ಒಳಗೆ ಬಂದರೆ ರಾಗಿ ಹಿಟ್ಟಿನ ಡಬ್ಬಿಯನ್ನೂ ಬಿಡುವುದಿಲ್ಲ. ಕೂನೂರು, ಕೋಟಗಿರಿ ಕಡೆ ಟೀ ತೋಟಗಳ ನಡುವೆ ಇಳಿದುಕೊಂಡರೆ ಕರಡಿ, ಕಾಟಿಗಳೂ ಮನೆ ಹತ್ತಿರ ಬರುತ್ತವೆ. ಕರಡಿಗೆ ಎಣ್ಣೆ, ಅಡುಗೆ ವಾಸನೆ ದೂರಕ್ಕೇ ಗೊತ್ತಾಗುತ್ತದೆ. ಉಳಿದ ಅನ್ನ, ಸಿಪ್ಪೆಯನ್ನು ಹೊರಗೆ ಎಸೆಯಬೇಡಿ. ಮುಚ್ಚಳ ಇರುವ ಬಕೆಟ್ಟಿಗೆ ಹಾಕಿ ರೆಸಾರ್ಟಿನವರ ಕೈಗೇ ಕೊಡಿ.

ವಾಪಸ್ ಬರುವ ದಿನ ಮಧ್ಯಾಹ್ನ ಎರಡು ಗಂಟೆ ಒಳಗೆ ಊಟಿ ಬಿಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಕತ್ತಲಾಗುವ ಮೊದಲೇ ಗುಂಡ್ಲುಪೇಟೆ ದಾಟಿದರೆ ಅತ್ತೆಯವರ ರಾತ್ರಿ ಊಟದ ಹೊತ್ತಿಗೆ ಮಂಡ್ಯದ ಮನೆಯಲ್ಲಿರುತ್ತೀರಿ. ಅವತ್ತಿನ ಸಾರಿಗೆ ಊಟಿಯ ಕ್ಯಾರೆಟ್, ಬೀನ್ಸ್ ಎರಡು ಕೆಜಿ ಕಾರಿನಲ್ಲಿರಲಿ.